ಆಳು ಎಲ್ಲಿಂದ ತರ್ತೀರಿ? 1944ರ ಇಟಲಿ, ಆಂಡರ್ಸ್ ಮತ್ತು ಪೋಲಿಷ್ ಕೋರ್

ಹಳೇ_ನಕ್ಷೆ

ತುಂಬಾ ದಿನದಿಂದ ತಲೆ ಕೊರೀತಿರೋ ವಿಷಯ ಇದು. 1944ರ ಮಾರ್ಚ್ 24. ಜಾಗ ಇಟಲಿ. ಬ್ರಿಟಿಷ್ ಎಂಟನೇ ಸೈನ್ಯದ ಕಮಾಂಡರ್ ಆಲಿವರ್ ಲೀಸ್, ಪೋಲಿಷ್ ಎರಡನೇ ಕೋರಿನ (ಕೋರ್ ಅಂದರೆ ಕೆಲವು ಡಿವಿಷನ್‌ಗಳು ಸೇರಿದ ದೊಡ್ಡ ಪಡೆ) ಜನರಲ್ ವ್ಲಾದಿಸ್ಲಾವ್ ಆಂಡರ್ಸ್ ಅವರನ್ನು ಭೇಟಿಯಾಗುತ್ತಾರೆ. ಜರ್ಮನರ ಕೈಯಲ್ಲಿದ್ದ ಮಾಂಟೆ ಕ್ಯಾಸಿನೋ ಬೆಟ್ಟ ಹಿಡಿಯುವ ಕೆಲಸ ನಿಮ್ಮವರು ಒಪ್ಪಿಕೊಳ್ತಾರಾ ಎಂದು ಕೇಳುತ್ತಾರೆ. ಯೋಚನೆ ಮಾಡಲು ಕೊಟ್ಟ ಸಮಯ ಸುಮಾರು ಹತ್ತು ನಿಮಿಷ. ಆಂಡರ್ಸ್ ತಮ್ಮ ಚೀಫ್ ಆಫ್ ಸ್ಟಾಫ್ ವಿಷ್ನಿಯೋವ್‌ಸ್ಕಿ ಜೊತೆ ಮಾತಾಡಿ ಆಯ್ತು ಅಂದುಬಿಟ್ಟರು. ಲಂಡನ್‌ನಲ್ಲಿದ್ದ ತಮ್ಮ ಸರ್ಕಾರವನ್ನೂ ಕೇಳಲಿಲ್ಲ, ಪೋಲಿಷ್ ಸರ್ವಸೇನಾಧಿಪತಿ ಸೊಸ್ನ್‌ಕೋವ್‌ಸ್ಕಿಯನ್ನೂ ಕೇಳಲಿಲ್ಲ.

ಅಷ್ಟು ಹೊತ್ತಿಗೆ ಆ ಬೆಟ್ಟದ ಮೇಲೆ ಅಮೆರಿಕದವರು ಸೋತಿದ್ದರು. ನ್ಯೂಜಿಲೆಂಡಿನವರು, ನಮ್ಮ 4ನೇ ಇಂಡಿಯನ್ ಡಿವಿಷನ್‌ನವರೂ ರಕ್ತ ಸುರಿಸಿ ಹಿಂದೆ ಬಂದಿದ್ದರು. ಪೋಲಿಷ್ ಕೋರಿನಲ್ಲಿ ಇದ್ದದ್ದು ಒಟ್ಟು ಸುಮಾರು 50,000 ಜನ. ಸತ್ತವರ ಜಾಗಕ್ಕೆ ಬರೋಕೆ ಹಿಂದೆ ಯಾರೂ ಇಲ್ಲ. ಅವರ ದೇಶವೇ ಜರ್ಮನರ ಕೈಯಲ್ಲಿತ್ತು.

ಇದು ಗೊತ್ತಿದ್ದೂ ಬ್ರಿಟಿಷರು ಯಾಕೆ ಕೇಳಿದರು, ಆಂಡರ್ಸ್ ಯಾಕೆ ಒಪ್ಪಿದರು? ಯುದ್ಧದ ಕಥೆ ಎಲ್ಲರೂ ಬರೆದಿದ್ದಾರೆ. ನನಗೆ ಬೇಕಿರೋದು ಅದರ ಹಿಂದಿನ ಲೆಕ್ಕ.

ಚುರುಮುರಿ

ಕರಡಿ ಇದ್ದ ಸೈನ್ಯ ಅಲ್ವಾ ಇದು? ವೊಯ್ತೆಕ್! ಹಡಗಿಗೆ ಹತ್ತಿಸೋಕೆ ಅಂತ ಅದನ್ನೂ ಸಿಪಾಯಿ ಅಂತ ಪಟ್ಟಿಗೆ ಸೇರಿಸಿದ್ದರಂತೆ.

ಹಳೇ_ನಕ್ಷೆ

ಅದೇ ಸೈನ್ಯ. 22ನೇ ಆರ್ಟಿಲರಿ ಸಪ್ಲೈ ಕಂಪನಿ. ಆದರೆ ಕರಡಿ ಹೆಸರು ಬಂದ ಮೇಲೆ ಚರ್ಚೆ ಪೂರ್ತಿ ಕರಡಿ ಪಾಲಾಗುತ್ತೆ. ದಯವಿಟ್ಟು ಇಲ್ಲಿಗೇ ಬಿಡೋಣ.

ಕೊಡಗಿನ_ಮಳೆ

ನಾನು ಸರ್ವಿಸ್‌ನಲ್ಲಿ ಇದ್ದದ್ದು ಸರಬರಾಜು ಕಡೆ. ಹಾಗಾಗಿ ನಿಮ್ಮ ಪ್ರಶ್ನೆ ಇಷ್ಟ ಆಯಿತು. ಜನ 50,000 ಅಂತ ಓದಿ ದೊಡ್ಡ ಸೈನ್ಯ ಅಂದುಕೊಳ್ತಾರೆ. ಅದು ರೇಷನ್ ತಿನ್ನುವವರ ಸಂಖ್ಯೆ. ಅದರೊಳಗೆ ಡ್ರೈವರ್, ಅಡುಗೆಯವರು, ವರ್ಕ್‌ಶಾಪ್, ಆಸ್ಪತ್ರೆ, ತೋಪಿನವರು, ಸಿಗ್ನಲ್‌ನವರು ಎಲ್ಲಾ ಬಂದರು. ಬೆಟ್ಟ ಹತ್ತಿ ಬಂಕರ್‌ಗೆ ಗ್ರೆನೇಡ್ ಎಸೆಯುವವನು ಕಾಲಾಳು.

ಪೋಲಿಷರ ಕಾಲಾಳು ಎಷ್ಟು ಅಂತ ನೋಡಿ. ಎರಡು ಡಿವಿಷನ್: 3ನೇ ಕಾರ್ಪಾಥಿಯನ್, 5ನೇ ಕ್ರೆಸೋವಾ. ಆಗಿನ ಬ್ರಿಟಿಷ್ ಅಥವಾ ಇಂಡಿಯನ್ ಡಿವಿಷನ್‌ನಲ್ಲಿ ಮೂರು ಬ್ರಿಗೇಡ್, ಒಂಬತ್ತು ಬೆಟಾಲಿಯನ್ ಇರುತ್ತಿದ್ದವು. ಪೋಲಿಷ್ ಡಿವಿಷನ್‌ಗೆ ಎರಡೇ ಬ್ರಿಗೇಡ್, ಆರು ಬೆಟಾಲಿಯನ್. ಅಂದರೆ ಇಡೀ ಕೋರಿಗೆ 12 ಬೆಟಾಲಿಯನ್. ಒಂದಕ್ಕೆ 800 ಅಂತ ಹಿಡಿದರೂ ಹತ್ತು ಸಾವಿರ ದಾಟುವುದಿಲ್ಲ. ಜೊತೆಗೆ ಶರ್ಮನ್ ಟ್ಯಾಂಕಿನ ಒಂದು ಆರ್ಮರ್ಡ್ ಬ್ರಿಗೇಡ್. ಆ ಕಡಿದಾದ ಕಲ್ಲುಬಂಡೆಯ ಮೇಲೆ ಟ್ಯಾಂಕ್ ಎಷ್ಟು ದೂರ ಹೋಗುತ್ತದೆ ಹೇಳಿ.

ಕೊನೆಗೆ ಕ್ಯಾಸಿನೋದಲ್ಲಿ ಆದದ್ದು 923 ಸಾವು, 2,900ಕ್ಕೂ ಜಾಸ್ತಿ ಗಾಯ, 345 ಜನ ಕಾಣೆ. 50,000ಕ್ಕೆ ಹೋಲಿಸಿದರೆ ಚಿಕ್ಕದು ಅನ್ನಿಸಬಹುದು. ಆದರೆ ಪೆಟ್ಟು ಬಿದ್ದದ್ದು ಬಹುಪಾಲು ಆ ಹತ್ತು ಸಾವಿರದವರ ಮೇಲೆ. ಮೊದಲ ದಾಳಿ ಆದ ಮೇಲೆ ಡ್ರೈವರ್‌ಗಳು, ವರ್ಕ್‌ಶಾಪ್‌ನವರು, ಟ್ಯಾಂಕ್ ನಿರೋಧಕ ತೋಪಿನವರ ಕೈಗೆ ರೈಫಲ್ ಕೊಟ್ಟು ಮೇಲೆ ಕಳಿಸಿದರು. ಡ್ರೈವರನ್ನು ಬೆಟ್ಟ ಹತ್ತಿಸ್ತಾರೆ ಅಂದರೆ ಹಿಂದೆ ಮೀಸಲು ಪೂರ್ತಿ ಬರಿದಾಗಿದೆ ಅಂತಲೇ ಅರ್ಥ.

ಶರಾವತಿ_ತೀರ

ಸರ್, ಈ ಕೊರತೆ ಇಟಲಿಯಲ್ಲಿ ಹುಟ್ಟಿದ್ದಲ್ಲ. ಆ ಸೈನ್ಯ ಹುಟ್ಟಿದಾಗಲೇ ಇತ್ತು. ನಾನು ಪಾಠ ಮಾಡುವಾಗ ಇದನ್ನು ರೊಟ್ಟಿಯ ಲೆಕ್ಕದಿಂದಲೇ ಶುರು ಮಾಡ್ತೀನಿ. ಯಾಕಂದರೆ ಸೋವಿಯತ್ ನೆಲದಲ್ಲಿ ಸೈನ್ಯ ಎಷ್ಟು ದೊಡ್ಡದಿರಬೇಕು ಅಂತ ತೀರ್ಮಾನ ಆದದ್ದು ರೇಷನ್ ಮೂಲಕ.

1939ರಲ್ಲಿ ಪೂರ್ವ ಪೋಲೆಂಡ್ ಹಿಡಿದ ಸೋವಿಯತ್ತರು ಲಕ್ಷಾಂತರ ಜನರನ್ನು ಸೈಬೀರಿಯಾ, ಕಝಾಕಿಸ್ತಾನದ ಕಡೆ ಸಾಗಿಸಿದ್ದರು. 1941ರ ಜೂನ್‌ನಲ್ಲಿ ಹಿಟ್ಲರ್ ರಷ್ಯಾ ಮೇಲೆ ಬಿದ್ದ. ಜುಲೈ 30ಕ್ಕೆ ಲಂಡನ್‌ನಲ್ಲಿದ್ದ ಪೋಲಿಷ್ ಪ್ರಧಾನಿ ಸಿಕೋರ್‌ಸ್ಕಿ ಮತ್ತು ಸೋವಿಯತ್ ರಾಯಭಾರಿ ಮೈಸ್ಕಿ ಒಪ್ಪಂದಕ್ಕೆ ಸಹಿ ಹಾಕಿದರು. ಆಗಸ್ಟ್ 4ಕ್ಕೆ ಆಂಡರ್ಸ್ ಮಾಸ್ಕೋದ ಲುಬ್ಯಾಂಕಾ ಜೈಲಿಂದ ಹೊರಗೆ! ಸೆರೆಯಾಳಾಗಿದ್ದವರು ಕೆಲವೇ ದಿನದಲ್ಲಿ ಸೈನ್ಯದ ಮುಖ್ಯಸ್ಥರಾದರು.

ಸೋವಿಯತ್ತರು ಮೊದಲು ಒಪ್ಪಿದ್ದು 30,000 ಜನಕ್ಕೆ. ಡಿಸೆಂಬರ್ 3ಕ್ಕೆ ಸಿಕೋರ್‌ಸ್ಕಿ ಮಾಸ್ಕೋಗೆ ಹೋಗಿ ಸ್ಟಾಲಿನ್ ಹತ್ತಿರ ಕೂತು ಅದನ್ನು 96,000ಕ್ಕೆ ಏರಿಸಿದರು. ಕಾಗದದ ಮೇಲೆ ಆರು ಡಿವಿಷನ್. ಬಂದೂಕು ಒಂದು ಡಿವಿಷನ್‌ಗೂ ಪೂರ್ತಿ ಸಿಗಲಿಲ್ಲ. ಬಟ್ಟೆ, ಬೂಟು ಬ್ರಿಟಿಷರು ಹಡಗಲ್ಲಿ ಕಳಿಸಬೇಕು. ಶಿಬಿರಗಳಿಂದ ಬಂದವರು ಮೂಳೆ ಚಕ್ಕಳ ಆಗಿದ್ದರು. ಟೈಫಸ್ ಬಂದು ದಿನಾ ಸಾಯ್ತಿದ್ದರು. 1942ರ ಮಾರ್ಚ್‌ನಲ್ಲಿ ಸ್ಟಾಲಿನ್ ಇನ್ಮೇಲೆ 44,000 ಜನಕ್ಕೆ ಮಾತ್ರ ಊಟ ಅಂದರು. ಆಗ ಅಲ್ಲಿ 70,000ಕ್ಕೂ ಜಾಸ್ತಿ ಜನ ಇದ್ದರು, ಜೊತೆಗೆ ಸೈನಿಕರ ಊಟದಲ್ಲೇ ಪಾಲು ತಿನ್ನುವ ಹೆಂಗಸರು, ಮಕ್ಕಳು ಬೇರೆ. ಉಳಿದವರನ್ನು ಇರಾನಿಗೆ ಕಳಿಸಬೇಕಾಯಿತು. ಮಾರ್ಚ್–ಏಪ್ರಿಲ್‌ನಲ್ಲಿ ಒಂದು ಸಲ, ಆಗಸ್ಟ್‌ನಲ್ಲಿ ಇನ್ನೊಂದು ಸಲ. ಕ್ರಾಸ್ನೊವೊದ್‌ಸ್ಕ್‌ನಿಂದ ಕ್ಯಾಸ್ಪಿಯನ್ ಸಮುದ್ರ ದಾಟಿ ಇರಾನಿನ ಪಹ್ಲವಿ ಬಂದರಿಗೆ ಬಂದರು. ಸೈನಿಕರು, ಸಾಮಾನ್ಯ ಜನ ಎಲ್ಲಾ ಸೇರಿ ಸುಮಾರು 1,15,000.

ಬ್ರಿಟಿಷರು ಇವರನ್ನು ಕರುಣೆಯಿಂದ ಕರೆಸಿಕೊಂಡರು ಅಂತ ಮಾತ್ರ ಅಂದುಕೊಳ್ಳಬೇಡಿ. 1942ರ ಬೇಸಿಗೆಯಲ್ಲಿ ಜರ್ಮನರು ಕಾಕಸಸ್ ಕಡೆ ನುಗ್ಗುತ್ತಿದ್ದರು. ಇರಾಕ್, ಇರಾನಿನ ಎಣ್ಣೆ ಬಾವಿ ಕಾಯಲು ಜನ ಸಾಲುತ್ತಿರಲಿಲ್ಲ. ಅವರಿಗೆ ಬೇಕಿದ್ದದ್ದು ಗಟ್ಟಿ ಗಂಡಾಳುಗಳು. ಹಡಗಿಂದ ಇಳಿದದ್ದು ಹಸಿದ ಸಂಸಾರಗಳು.

ಮಂಡ್ಯದ_ಮಾತು

ಇಷ್ಟು ಓದಿದ ಮೇಲೆ ನನಗೆ ಒಂದೇ ಅನ್ಸೋದು. ಎಣ್ಣೆ ಬಾವಿ ಕಾಯೋಕೆ ಪೋಲಿಷರು, ಯಾರೂ ಹತ್ತಕ್ಕಾಗದ ಬೆಟ್ಟಕ್ಕೆ ಪೋಲಿಷರು. ಬ್ರಿಟಿಷರ ಬುದ್ಧಿ ನಮಗೆ ಗೊತ್ತಿಲ್ವಾ ಗುರು? ತಮ್ಮ ಹುಡುಗರನ್ನು ಉಳಿಸಿಕೊಂಡು ಬೇರೆಯವರ ಹುಡುಗರನ್ನು ಮುಂದೆ ಬಿಟ್ಟರು. ಹತ್ತು ನಿಮಿಷ ಟೈಮ್ ಕೊಟ್ಟು ಇಷ್ಟ ಇದ್ರೆ ಮಾಡಿ ಅನ್ನೋದಕ್ಕೆ ಏನಂತೀರಿ?

ಹಳೇ_ನಕ್ಷೆ

ಅಣ್ಣ, ಸಿಟ್ಟು ಅರ್ಥ ಆಗುತ್ತೆ. ಆದರೆ ನಕ್ಷೆ ಮುಂದಿಟ್ಟುಕೊಂಡು ನೋಡಿದರೆ ಅಷ್ಟು ಸಲೀಸಾಗಿ ಹೇಳೋಕೆ ಆಗಲ್ಲ. ಮೇ 11ರ ರಾತ್ರಿ 11 ಗಂಟೆಗೆ ಶುರುವಾದದ್ದು ಪೋಲಿಷರ ದಾಳಿ ಮಾತ್ರ ಅಲ್ಲ. ಕೆಳಗೆ ಕಣಿವೆಯಲ್ಲಿ ಬ್ರಿಟಿಷ್ 4ನೇ ಡಿವಿಷನ್ ಮತ್ತು ನಮ್ಮ 8ನೇ ಇಂಡಿಯನ್ ಡಿವಿಷನ್ ಗಾರಿ ನದಿ ದಾಟುತ್ತಿದ್ದವು. ಎಡಕ್ಕೆ ಜ್ವಾಂ ಜನರಲ್ ಅವರ ಫ್ರೆಂಚ್ ಕೋರ್ ಔರುಂಚಿ ಬೆಟ್ಟಗಳಲ್ಲಿ ನುಗ್ಗಿತು. ನಿಜ ಹೇಳಬೇಕಂದ್ರೆ ಬಾಗಿಲು ಒಡೆದದ್ದು ಅವರೇ. ಅವರಲ್ಲಿ ಮೊರಾಕೊ, ಅಲ್ಜೀರಿಯಾದವರೇ ಜಾಸ್ತಿ. ಸಮುದ್ರದ ಕಡೆ ಅಮೆರಿಕದವರು. ಇದು ಇಟಲಿಯ ಮಿತ್ರಪಡೆಗಳ ಕಮಾಂಡರ್ ಅಲೆಕ್ಸಾಂಡರ್ ಅವರ ಒಟ್ಟು ಯೋಜನೆ. ಎಲ್ಲಾ ಕಡೆಯಿಂದ ಒಂದೇ ಸಲ ಒತ್ತಿದರೆ ಜರ್ಮನರು ಮೀಸಲು ಪಡೆಯನ್ನು ಎಲ್ಲಿಗೆ ಕಳಿಸಬೇಕು ಅಂತ ಗೊತ್ತಾಗದೆ ಒದ್ದಾಡಲಿ ಅಂತ.

ಆಂಡರ್ಸ್ ಒಪ್ಪಿದ್ದಕ್ಕೆ ಅವರೇ ಕೊಟ್ಟ ಕಾರಣ ಇದೆ. ಬೆಟ್ಟ ಬೇಡ ಅಂದಿದ್ದರೆ ಕೋರನ್ನು ಲಿರಿ ಕಣಿವೆಯಲ್ಲಿ ಇಳಿಸುತ್ತಿದ್ದರು. ಅಲ್ಲೂ ಅಷ್ಟೇ ಜನ ಸಾಯ್ತಿದ್ದರು, ಹೆಸರು ಮಾತ್ರ ಸಿಗುತ್ತಿರಲಿಲ್ಲ. ಆಗ ಮಾಸ್ಕೋ ಪ್ರಚಾರ ಏನಿತ್ತು? ಪೋಲಿಷರಿಗೆ ಜರ್ಮನರ ವಿರುದ್ಧ ಹೋರಾಡುವ ಮನಸ್ಸಿಲ್ಲ, ಅದಕ್ಕೇ ರಷ್ಯಾ ಬಿಟ್ಟು ಓಡಿದರು ಅಂತ. ಕ್ಯಾಸಿನೋ ಅಂದರೆ ಪ್ರಪಂಚದ ಪತ್ರಿಕೆಗಳ ಮೊದಲ ಪುಟ. ಆ ಮಾತಿಗೆ ಅಲ್ಲೇ ಉತ್ತರ ಕೊಡಬಹುದು ಅಂತ ಅವರ ಲೆಕ್ಕ. ಸೊಸ್ನ್‌ಕೋವ್‌ಸ್ಕಿಗೆ ಕೇಳಿ ಕೋಪ ಬಂತು. ಇಷ್ಟು ದೊಡ್ಡ ತೀರ್ಮಾನ ಒಬ್ಬರೇ ಹೇಗೆ ತಗೊಂಡ್ರಿ ಅಂತ ತರಾಟೆಗೆ ತಗೊಂಡರು. ಅವರ ಕೋಪವೂ ತಪ್ಪಲ್ಲ.

ಶರಾವತಿ_ತೀರ

ಬ್ರಿಟಿಷರಿಗೂ ಪೋಲಿಷರಿಗೂ ಇದ್ದ ನಿಜವಾದ ಜಗಳ ಬೇರೆ. ಡಿವಿಷನ್ ಎಷ್ಟು ಅನ್ನೋದು.

ಬ್ರಿಟಿಷ್ ವಾರ್ ಆಫೀಸಿನ ಪದ್ಧತಿ ಗಟ್ಟಿ. ಒಂದು ಪಡೆ ರಣರಂಗಕ್ಕೆ ಇಳಿಯಬೇಕಾದರೆ ಅದರ ಹಿಂದೆ ಬದಲಿ ಆಳುಗಳ ಗುಂಪು ತಯಾರಿರಬೇಕು. ಇಲ್ಲದಿದ್ದರೆ ಎರಡು ಅರೆಹೊಟ್ಟೆ ಡಿವಿಷನ್‌ಗಿಂತ ಒಂದು ತುಂಬಿದ ಡಿವಿಷನ್ ಮೇಲು. ಸೈನ್ಯದ ಲೆಕ್ಕದಲ್ಲಿ ಇದು ಸರಿ. ಪೋಲಿಷರಿಗೆ ಡಿವಿಷನ್ ಅಂದರೆ ರಾಜ್ಯ ಇದ್ದ ಹಾಗೆ. ಯುದ್ಧ ಮುಗಿದ ಮೇಲೆ ಗಡಿ ಎಳೆಯುವ ಮೇಜಿನ ಸುತ್ತ ಕೂರೋರು ಸೈನ್ಯ ಇದ್ದವರು. 5ನೇ ಡಿವಿಷನ್ ಹೆಸರು ನೋಡಿ, ಕ್ರೆಸೋವಾ. ಪೂರ್ವದ ಗಡಿನಾಡಿನ ಡಿವಿಷನ್. ಅದರ ಎರಡು ಬ್ರಿಗೇಡ್‌ಗಳ ಹೆಸರು ವಿಲ್ನೋ ಮತ್ತು ಲ್ವೂಫ್. ಎರಡೂ ಸ್ಟಾಲಿನ್ ಬಿಟ್ಟುಕೊಡಲ್ಲ ಅಂದಿದ್ದ ಊರುಗಳು. ಇಂಥ ಡಿವಿಷನ್‌ನ ಮುಚ್ಚಿ ಅಂದರೆ ಯಾವ ಪೋಲಿಷ್ ಜನರಲ್ ಒಪ್ತಾರೆ?

ಹಾಗಂತ ಪೋಲಿಷರು ಹಠ ಮಾತ್ರ ಮಾಡಿದರು ಅಂತಲ್ಲ. ಇರಾಕಿನಲ್ಲಿ ಇದ್ದಾಗಲೇ 6ನೇ ಡಿವಿಷನ್‌ನ 5ನೆಯದರೊಳಗೆ ಕರಗಿಸಿದರು. 7ನೆಯದನ್ನು ತರಬೇತಿ ಕೇಂದ್ರ ಮಾಡಿ ಮಧ್ಯಪ್ರಾಚ್ಯದಲ್ಲೇ ಬಿಟ್ಟರು. ಲಾರಿ ಓಡಿಸೋಕೆ ಹೆಂಗಸರ ಕಂಪನಿಗಳನ್ನು ಕಟ್ಟಿದರು. ಗಂಡಸರನ್ನು ರೈಫಲ್ ಹಿಡಿಯಲು ಬಿಡಿಸಿಕೊಳ್ಳೋದೇ ಉದ್ದೇಶ. ಸೈಬೀರಿಯಾದಲ್ಲಿ ಮರ ಕಡಿದ ಹುಡುಗಿಯರು ಇಟಲಿಯ ಬೆಟ್ಟದ ರಸ್ತೆಯಲ್ಲಿ ಗುಂಡು ಮದ್ದು ತುಂಬಿದ ಲಾರಿ ಓಡಿಸಿದರು.

ಪ್ಯಾಲೆಸ್ಟೈನ್‌ನಲ್ಲಿ ಇನ್ನೊಂದು ತೂತು ಬಿತ್ತು. ಅಲ್ಲಿ ಸುಮಾರು 3,000 ಯಹೂದಿ ಸೈನಿಕರು ಸೈನ್ಯ ಬಿಟ್ಟು ಅಲ್ಲೇ ಉಳಿದರು. ಆಂಡರ್ಸ್ ಅವರನ್ನು ಹುಡುಕಿಸಲಿಲ್ಲ. ಮುಂದೆ ಇಸ್ರೇಲ್ ಪ್ರಧಾನಿಯಾದ ಮೆನಾಹೆಮ್ ಬೆಗಿನ್ ಆ ನಾಡಿಗೆ ಬಂದದ್ದು ಇದೇ ಸೈನ್ಯದ ಜೊತೆ.

ಬೆಳಗಾವಿ_ಹುಡುಗ

ನಮ್ಮ ಊರ ಕಡೆಯ ಎರಡು ಕೊಂಡಿ ಹೇಳಲಾ? ಇದೇ ಇಟಲಿಯಲ್ಲಿ ಮರಾಠಾ ಲೈಟ್ ಇನ್‌ಫಂಟ್ರಿ ಪಡೆಗಳೂ ಹೋರಾಡಿದವು. ಅವರ ರೆಜಿಮೆಂಟಲ್ ಸೆಂಟರ್ ಈಗ ನಮ್ಮ ಬೆಳಗಾವಿಯಲ್ಲೇ ಇದೆ. 1944ರ ಜುಲೈನಲ್ಲಿ ಯಶವಂತ ಘಾಡ್ಗೆ, 1945ರ ಏಪ್ರಿಲ್‌ನಲ್ಲಿ ಸೆನಿಯೋ ನದಿ ಹತ್ತಿರ ನಾಮದೇವ ಜಾಧವ್. ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್. ಆ ಏಪ್ರಿಲ್ ದಾಳಿಯಲ್ಲಿ ಪೋಲಿಷರು, ನಮ್ಮವರು ಒಂದೇ ಎಂಟನೇ ಸೈನ್ಯದಲ್ಲಿ ಇದ್ದರು.

ಎರಡನೆಯದು ಕೊಲ್ಲಾಪುರದ ಹತ್ತಿರದ ವಳಿವಡೆ. ಶರಾವತಿ ಮೇಡಂ ಹೇಳಿದ ಆ ಹಸಿದ ಸಂಸಾರಗಳಲ್ಲಿ ಸುಮಾರು 5,000 ಜನ 1943ರಿಂದ ಅಲ್ಲಿ ಶಿಬಿರದಲ್ಲಿದ್ದರು. ಬಹುಪಾಲು ಹೆಂಗಸರು, ಮಕ್ಕಳು. ಎಷ್ಟೋ ಮನೆಗಳ ಗಂಡಸರು ಆಂಡರ್ಸ್ ಸೈನ್ಯದಲ್ಲಿದ್ದರು. ನಮ್ಮಿಂದ ಎರಡು ಮೂರು ಗಂಟೆ ದಾರಿ, ಆದರೂ ಶಾಲೆಯಲ್ಲಿ ಯಾರೂ ಹೇಳಲಿಲ್ಲ ನೋಡಿ.

ಕೊಡಗಿನ_ಮಳೆ

ಒಳ್ಳೆ ಕೊಂಡಿ. ಇದು ಸುಮ್ನೆ ಭಾವನೆಯ ವಿಷಯ ಅಲ್ಲ. ಹೆಂಡತಿ ಮಕ್ಕಳು ಸುರಕ್ಷಿತವಾಗಿದ್ದಾರೆ, ಅವರಿಗೆ ಊಟ ಸಿಗ್ತಿದೆ ಅಂತ ಗೊತ್ತಿದ್ದರೆ ಸಿಪಾಯಿ ಬೇರೆ ಥರ ನಿಲ್ಲುತ್ತಾನೆ. ಆ ಸಂಸಾರಗಳನ್ನು ರಷ್ಯಾದಲ್ಲೇ ಬಿಟ್ಟು ಗಂಡಸರನ್ನು ಮಾತ್ರ ತಂದಿದ್ದರೆ ಆಂಡರ್ಸ್ ಕೈಯಲ್ಲಿ ಎಂಥ ಸೈನ್ಯ ಇರುತ್ತಿತ್ತು ಅಂತ ಊಹಿಸಿ.

ಈಗ ಮೂಲ ಪ್ರಶ್ನೆಗೆ ಬನ್ನಿ. ಬದಲಿ ಆಳು ಇಲ್ಲ, ಕೋರನ್ನು ಹಾಗೇ ಹೇಗೆ ಉಳಿಸಿಕೊಳ್ತೀರಿ ಅಂತ ಬ್ರಿಟಿಷರು ಆಂಡರ್ಸ್ ಅವರನ್ನು ಕೇಳಿದ್ದರು. ಅವರು ಕೊಟ್ಟ ಉತ್ತರದ ಸಾರ ಇಷ್ಟು: ನಮ್ಮ ಬದಲಿ ಆಳುಗಳು ಮುಂದಿನಿಂದ ಬರ್ತಾರೆ. ಅಂದರೆ ಶತ್ರುವಿನ ಸಾಲಿನಿಂದ!

ಚುರುಮುರಿ

ಏನು? ಜರ್ಮನ್ ಸೈನ್ಯದಿಂದ ಪೋಲಿಷ್ ಸೈನ್ಯಕ್ಕೆ ಆಳಾ? ಬಿಡಿಸಿ ಹೇಳಿ ಮಾರಾಯ್ರೆ.

ಶರಾವತಿ_ತೀರ

ಜರ್ಮನಿಗೆ ಸೇರಿಸಿಕೊಂಡ ಸೈಲೀಸಿಯಾ, ಪೊಮೆರೇನಿಯಾ ಕಡೆಯ ಪೋಲಿಷರನ್ನು ನಾಜಿಗಳು ಫೋಕ್ಸ್‌ಲಿಸ್ಟೆ ಅನ್ನೋ ಪಟ್ಟಿಗೆ ಸೇರಿಸಿದರು. ಹೆಸರು ಬರೆಸದಿದ್ದರೆ ಮನೆ ಹೋಗುತ್ತೆ, ಇಲ್ಲ ಶಿಬಿರ. ಬರೆಸಿದರೆ ಮಗನಿಗೆ ಜರ್ಮನ್ ಸೈನ್ಯದ ಕರೆ ಬರುತ್ತೆ. ಹೀಗೆ ಹೋದ ಹುಡುಗರು ನಾರ್ಮಂಡಿಯಲ್ಲೂ ಇದ್ದರು, ಇಟಲಿಯಲ್ಲೂ ಇದ್ದರು. ಅವಕಾಶ ಸಿಕ್ಕಾಗ ಕೈ ಎತ್ತಿ ಈ ಕಡೆ ಬಂದರು, ಇಲ್ಲವೇ ಸೆರೆ ಸಿಕ್ಕರು. ಬ್ರಿಟಿಷ್ ಸೆರೆ ಶಿಬಿರಗಳಲ್ಲಿ ಪೋಲಿಷ್ ಅಧಿಕಾರಿಗಳು ಇಂಥವರನ್ನು ಹುಡುಕಿ ಹೊರಗೆ ತಂದರು. ಯುದ್ಧ ಮುಗಿಯುವ ಹೊತ್ತಿಗೆ ಪಶ್ಚಿಮದ ಪೋಲಿಷ್ ಸೈನ್ಯಕ್ಕೆ ಹೀಗೆ ಬಂದವರು ಸುಮಾರು 89,000. ಎರಡನೇ ಕೋರಿಗೇ ಅಂದಾಜು 35,000.

ಚುರುಮುರಿ

ನಂಬೋದು ಹೇಗೆ? ಹೋದ ತಿಂಗಳು ಎದುರಿಂದ ಗುಂಡು ಹಾರಿಸಿದವನು ಈ ತಿಂಗಳು ಪಕ್ಕದಲ್ಲಿ ಮಲಗಿದ್ದರೆ ನಿದ್ದೆ ಬರುತ್ತಾ?

ಕೊಡಗಿನ_ಮಳೆ

ಅನುಮಾನ ಇದ್ದೇ ಇತ್ತು. ವಿಚಾರಣೆ ಮಾಡಿಯೇ ತಗೊಂಡರು. ಆದರೆ ಇವರಿಗೆ ಮದ್ದು ಗುಂಡಿನ ವಾಸನೆ ಗೊತ್ತು, ಜರ್ಮನ್ ಮೆಷಿನ್ ಗನ್ ಗೊತ್ತು, ಆ ಕಡೆಯವರು ರಾತ್ರಿ ಪಹರೆ ಹೇಗೆ ಹಾಕ್ತಾರೆ ಅನ್ನೋದೂ ಗೊತ್ತು. ಹೊಸದಾಗಿ ಭರ್ತಿಯಾದ ಹುಡುಗನಿಗೆ ಇದನ್ನೆಲ್ಲ ಕಲಿಸೋಕೆ ತಿಂಗಳುಗಳು ಬೇಕು. ಇನ್ನೊಂದು ಮಾತು. ಮತ್ತೆ ಜರ್ಮನರ ಕೈಗೆ ಸಿಕ್ಕರೆ ಇವರಿಗೆ ಗುಂಡೇ ಗತಿ. ಊರಲ್ಲಿ ಮನೆಯವರಿಗೂ ಅಪಾಯ. ಅದಕ್ಕೇ ಎಷ್ಟೋ ಜನ ಸುಳ್ಳು ಹೆಸರು ಇಟ್ಟುಕೊಂಡು ಹೋರಾಡಿದರು. ಅಂಥವನು ಬೇಕಂತ ಸೆರೆ ಹೋಗ್ತಾನಾ?

ಲಂಡನ್_ಕನ್ನಡಿಗ

ಇಟಲಿ ಬಿಟ್ಟು ಸ್ವಲ್ಪ ಸ್ಕಾಟ್ಲೆಂಡ್ ಕಡೆ ಬನ್ನಿ. ಕಮಾಂಡರ್‌ಗಳ ಜಗ್ಗಾಟ ಅಲ್ಲಿ ಇನ್ನೂ ಬೆತ್ತಲಾಗಿ ಕಾಣುತ್ತೆ. ಅಲ್ಲಿ ಪೋಲಿಷ್ ಅಧಿಕಾರಿ ಸೊಸಾಬೋವ್‌ಸ್ಕಿ 1941ರಲ್ಲಿ ಕಟ್ಟಿದ ಪ್ಯಾರಾಶೂಟ್ ಬ್ರಿಗೇಡ್ ಇತ್ತು. ಅದರ ಉದ್ದೇಶ ಒಂದೇ. ಪೋಲೆಂಡಿನಲ್ಲಿ ಬಂಡಾಯ ಎದ್ದ ದಿನ ಅಲ್ಲಿ ಇಳಿಯಬೇಕು. ಆದರೆ ವಿಮಾನ ಬ್ರಿಟಿಷರದ್ದು, ಪ್ಯಾರಾಶೂಟ್ ಬ್ರಿಟಿಷರದ್ದು, ಪೆಟ್ರೋಲೂ ಅವರದ್ದೇ. 1944ರ ವಸಂತದಲ್ಲಿ ಫ್ರಾನ್ಸ್ ದಾಳಿಗೆ ಈ ಬ್ರಿಗೇಡ್ ಬೇಕು ಅಂತ ಬ್ರಿಟಿಷರು ಒತ್ತಾಯ ಮಾಡಿದರು. ಪೋಲಿಷರು ಷರತ್ತು ಹಾಕೋಕೆ ನೋಡಿದರು. ಷರತ್ತು ನಡೆಯಲ್ಲ ಅಂತ ಬ್ರಿಟಿಷರು ಅಂದರು. ಜೂನ್‌ನಲ್ಲಿ ಪೋಲಿಷ್ ಸರ್ಕಾರ ಷರತ್ತಿಲ್ಲದೆ ಕೊಟ್ಟಿತು.

ಆಗಸ್ಟ್ 1ಕ್ಕೆ ವಾರ್ಸಾ ಎದ್ದಿತು. ಬ್ರಿಗೇಡ್ ಇಂಗ್ಲೆಂಡಿನಲ್ಲೇ ಉಳಿಯಿತು. ಸೆಪ್ಟೆಂಬರ್ 21ಕ್ಕೆ ಅದನ್ನು ಇಳಿಸಿದ್ದು ಹಾಲೆಂಡಿನ ಡ್ರೀಲ್‌ನಲ್ಲಿ, ಪಕ್ಕದ ಆರ್ನೆಮ್ ಊರಿನ ಕಾಳಗ ಆಗಲೇ ಕೈತಪ್ಪುತ್ತಿದ್ದಾಗ. ಆ ಯೋಜನೆ ಸರಿ ಇಲ್ಲ ಅಂತ ಮೊದಲೇ ಹೇಳಿದ್ದ ಸೊಸಾಬೋವ್‌ಸ್ಕಿ ಮೇಲೆ ಬ್ರಿಟಿಷ್ ಜನರಲ್ ಬ್ರೌನಿಂಗ್ ನವೆಂಬರ್‌ನಲ್ಲಿ ದೂರು ಬರೆದರು. ಡಿಸೆಂಬರ್‌ನಲ್ಲಿ ಕಮಾಂಡ್ ಹೋಯ್ತು. ಡಚ್ಚರು ಅವರಿಗೆ ಬ್ರಾಂಜ್ ಲಯನ್ ಪದಕ ಕೊಟ್ಟದ್ದು 2006ರಲ್ಲಿ. ಅಷ್ಟು ಹೊತ್ತಿಗೆ ಅವರು ಸತ್ತು 39 ವರ್ಷ ಆಗಿತ್ತು.

ಮಂಡ್ಯದ_ಮಾತು

ನೋಡಿದ್ರಾ? ಪೆಟ್ರೋಲ್ ಯಾರದ್ದೋ ಯುದ್ಧ ಅವರದ್ದು. ನಾನು ಹೇಳಿದ್ದೂ ಅದೇ. ಯಾಲ್ಟಾ ವಿಷಯ ಯಾರೂ ಎತ್ತಲಿಲ್ಲ, ನಾನೇ ಎತ್ತುತ್ತೀನಿ. 1945ರ ಫೆಬ್ರವರಿಯಲ್ಲಿ ಚರ್ಚಿಲ್, ರೂಸ್‌ವೆಲ್ಟ್ ಸೇರಿ ಪೋಲೆಂಡಿನ ಪೂರ್ವ ಭಾಗವನ್ನು ಸ್ಟಾಲಿನ್‌ಗೆ ಬರೆದುಕೊಟ್ಟರು. ಆಂಡರ್ಸ್ ಸಿಪಾಯಿಗಳಲ್ಲಿ ಬಹಳಷ್ಟು ಜನರ ಊರು ಅಲ್ಲೇ ಇತ್ತು. ಯಾವ ಊರಿಗೆ ವಾಪಸ್ ಹೋಗಬೇಕು ಅಂತ ಹೋರಾಡಬೇಕಿತ್ತು ಅವರು?

ಹಳೇ_ನಕ್ಷೆ

ಅಣ್ಣ, ಇದಕ್ಕೆ ನಾನು ಎದುರು ಮಾತಾಡಲ್ಲ. ಆದರೆ ಆ ವಾರ ನಡೆದದ್ದನ್ನು ಪೂರ್ತಿ ಕೇಳಿ. ನನ್ನ ಪ್ರಕಾರ ಇಡೀ ಕಥೆಯಲ್ಲಿ ಇದಕ್ಕಿಂತ ವಿಚಿತ್ರ ಮಾತುಕತೆ ಇನ್ನೊಂದಿಲ್ಲ.

ಯಾಲ್ಟಾ ಸುದ್ದಿ ಬಂದ ತಕ್ಷಣ ಆಂಡರ್ಸ್ ತಮ್ಮ ಪಡೆಯನ್ನು ಮುಂಚೂಣಿಯಿಂದ ಹಿಂದೆ ತಗೊಳ್ಳಿ ಅಂತ ಕೇಳಿದರು. ಯಾವ ಬಾಯಲ್ಲಿ ನನ್ನ ಹುಡುಗರಿಗೆ ಸಾಯಿರಿ ಅನ್ನಲಿ ಅನ್ನೋದು ಅವರ ಸಂಕಟ. ಆಗ ಎಂಟನೇ ಸೈನ್ಯಕ್ಕೆ ಮೆಕ್ರೀರಿ ಬಂದಿದ್ದರು, ಅವರ ಮೇಲೆ ಅಮೆರಿಕದ ಮಾರ್ಕ್ ಕ್ಲಾರ್ಕ್, ಅವರ ಮೇಲೆ ಅಲೆಕ್ಸಾಂಡರ್. ಮೂವರಿಗೂ ತಲೆನೋವು. ಹಿಂದಿನ ಬೇಸಿಗೆಯಲ್ಲೇ ಫ್ರೆಂಚ್ ಕೋರ್ ಮತ್ತು ಅಮೆರಿಕದ ಒಂದು ಕೋರ್ ದಕ್ಷಿಣ ಫ್ರಾನ್ಸ್‌ಗೆ ಹೋಗಿದ್ದವು. ಈಗ ಕೆನಡಾದ ಕೋರ್ ಕೂಡ ವಾಯವ್ಯ ಯೂರೋಪಿಗೆ ಹೊರಟಿತ್ತು. ಪೋಲಿಷರು ಜಾಗ ಬಿಟ್ಟರೆ ಅಲ್ಲಿ ನಿಲ್ಲಿಸೋಕೆ ಬೇರೆ ಯಾರೂ ಇರಲಿಲ್ಲ. ಅದನ್ನು ಅವರು ಆಂಡರ್ಸ್‌ಗೆ ನೇರವಾಗಿಯೇ ಹೇಳಿದರು.

ಆಂಡರ್ಸ್ ಲಂಡನ್‌ಗೆ ಹೋಗಿ ಫೆಬ್ರವರಿ 21ಕ್ಕೆ ಚರ್ಚಿಲ್ ಎದುರು ಕೂತರು. ಚರ್ಚಿಲ್ ರೇಗಿ, ನಮ್ಮ ಹತ್ತಿರ ಬೇಕಾದಷ್ಟು ಸೈನ್ಯ ಇದೆ, ನಿಮ್ಮ ಡಿವಿಷನ್‌ಗಳನ್ನು ಬೇಕಾದರೆ ತಗೊಂಡು ಹೋಗಿ ಅನ್ನೋ ಅರ್ಥದಲ್ಲಿ ಮಾತಾಡಿದರು ಅಂತ ಆಂಡರ್ಸ್ ಬರೆದಿದ್ದಾರೆ. ಇಟಲಿಯಲ್ಲಿ ನೀವಿಲ್ಲದೆ ಆಗಲ್ಲ ಅಂದರೆ ಲಂಡನ್‌ನಲ್ಲಿ ನೀವು ಬೇಡ ಅಂದರು!

ಪಡೆ ಹಿಂದೆ ಸರಿಯಲಿಲ್ಲ. ಆಂಡರ್ಸ್ ತಾತ್ಕಾಲಿಕ ಸರ್ವಸೇನಾಧಿಪತಿ ಆಗಿ ಲಂಡನ್‌ನಲ್ಲಿ ಇದ್ದಾಗ ಕೋರನ್ನು ಬೊಹುಷ್-ಶಿಷ್ಕೊ ನಡೆಸಿದರು. ಏಪ್ರಿಲ್ 21ಕ್ಕೆ ಬೊಲೋನ್ಯಾ ಹಿಡಿದರು.

ಶರಾವತಿ_ತೀರ

ಅದೇ ವರ್ಷ ಆಳಿನ ಕೊರತೆಯೂ ಮುಗಿದಿತ್ತು. ಕ್ಯಾಸಿನೋ ವೇಳೆಗೆ ಇಲ್ಲದಿದ್ದ ಮೂರನೇ ಬ್ರಿಗೇಡ್ ಎರಡೂ ಡಿವಿಷನ್‌ಗೆ ಬಂತು. ಆರ್ಮರ್ಡ್ ಬ್ರಿಗೇಡ್ ಡಿವಿಷನ್ ಆಯಿತು. ಜರ್ಮನಿಯ ಶಿಬಿರಗಳಿಂದ ಬಿಡುಗಡೆಯಾದವರೂ ಬಂದು ಸೇರಿದರು. 1946ರಲ್ಲಿ ಕೋರಿನ ಸಂಖ್ಯೆ ಒಂದು ಲಕ್ಷ ದಾಟಿತ್ತು. ಬ್ರಿಟಿಷರ ಹೊಸ ತಲೆನೋವು ಇವರಿಗೆ ಸಂಬಳ ಕೊಡೋದು ಯಾರು, ಇವರನ್ನು ಎಲ್ಲಿಗೆ ಕಳಿಸೋದು ಅಂತ. ಪೋಲಿಷ್ ರೀಸೆಟಲ್‌ಮೆಂಟ್ ಕೋರ್ ಅಂತ ಮಾಡಿ ಬ್ರಿಟನ್ನಿಗೆ ಕರೆಸಿಕೊಂಡು ನಿಧಾನಕ್ಕೆ ಕೆಲಸಗಳಿಗೆ ಹಚ್ಚಿದರು. ವಾರ್ಸಾದ ಕಮ್ಯುನಿಸ್ಟ್ ಸರ್ಕಾರ ಆಂಡರ್ಸ್ ಅವರ ಪೌರತ್ವವನ್ನೇ ಕಿತ್ತುಕೊಂಡಿತು.

ಮಂಡ್ಯದ_ಮಾತು

ಹಾಗಾದ್ರೆ ಒಂದು ನೇರ ಪ್ರಶ್ನೆ. ಕೊಡಗಿನ ಸರ್, ನೀವು ಹೇಳಿ. ಆವತ್ತು ಲೀಸ್ ಎದುರು ಆಂಡರ್ಸ್ ಬೇಡ ಅಂದಿದ್ದರೆ ಏನಾಗ್ತಿತ್ತು?

ಕೊಡಗಿನ_ಮಳೆ

ಆ ಬೆಟ್ಟಕ್ಕೆ ಬೇರೆ ಡಿವಿಷನ್ ಹೋಗುತ್ತಿತ್ತು. ಪೋಲಿಷರಿಗೆ ಕಣಿವೆಯಲ್ಲೋ ಪಕ್ಕದ ಬೆಟ್ಟದಲ್ಲೋ ಜಾಗ ಸಿಗುತ್ತಿತ್ತು. ಅಲ್ಲಿ ಒಂದು ತಿಂಗಳು ಸವೆದ ಮೇಲೆ ಯಾರಾದರೂ ಸ್ಟಾಫ್ ಆಫೀಸರ್ ಫೈಲ್ ತಂದು, ಎರಡು ಡಿವಿಷನ್ ಸೇರಿಸಿ ಒಂದು ಮಾಡಿ ಅಂತ ಹೇಳುತ್ತಿದ್ದ. ಕ್ಯಾಸಿನೋ ಬೆಟ್ಟದ ಮೇಲೆ ಹಾಳುಬಿದ್ದಿದ್ದ ಮಠದ ಕಲ್ಲುರಾಶಿ ಮೇಲೆ ಮೇ 18ಕ್ಕೆ ಪೋಲಿಷ್ ಬಾವುಟ ಏರಿದ ಮೇಲೆ ಆ ಮಾತು ಹೇಳೋದು ಕಷ್ಟವಾಯಿತು. ಜುಲೈನಲ್ಲಿ ಅಂಕೋನಾ ಬಂದರು ಹಿಡಿಯಲು ಇದೇ ಎರಡು ಡಿವಿಷನ್ ಹೋದವು.

ಮಂಡ್ಯದ_ಮಾತು

ಅಂದರೆ 923 ಜನ ಸತ್ತು ಡಿವಿಷನ್ ಉಳಿಸಿದರು, ದೇಶ ಉಳಿಯಲಿಲ್ಲ.

ಹಳೇ_ನಕ್ಷೆ

ಮಾರ್ಚ್ 1944ರಲ್ಲಿ ಅದು ಆಂಡರ್ಸ್‌ಗೆ ಗೊತ್ತಿರಲಿಲ್ಲ ಅಣ್ಣ. ಟೆಹ್ರಾನ್ ಸಭೆಯಲ್ಲಿ ಚರ್ಚಿಲ್, ರೂಸ್‌ವೆಲ್ಟ್, ಸ್ಟಾಲಿನ್ ಮೂವರು ನಾಲ್ಕು ತಿಂಗಳ ಹಿಂದೆಯೇ ಗಡಿ ಬಗ್ಗೆ ಹೆಚ್ಚುಕಡಿಮೆ ಒಂದು ಮಾತಿಗೆ ಬಂದಿದ್ದರು. ಅದನ್ನು ಪೋಲಿಷರಿಗೆ ಪೂರ್ತಿ ಹೇಳಿರಲಿಲ್ಲ. ಲೀಸ್ ಹತ್ತು ನಿಮಿಷ ಕೊಟ್ಟದ್ದಕ್ಕಿಂತ ಇದು ನನಗೆ ಜಾಸ್ತಿ ಚುಚ್ಚುತ್ತೆ.

ಚುರುಮುರಿ

ಒಪ್ಪಿದೆ. ಬೆಳಗಾವಿಯಣ್ಣ, ಆ ವಳಿವಡೆಯಲ್ಲಿ ಈಗ ನೋಡೋಕೆ ಏನಾದರೂ ಉಳಿದಿದೆಯಾ? ದಸರಾ ರಜೆಗೆ ಕೊಲ್ಲಾಪುರದ ಕಡೆ ಹೋಗೋದಿದೆ.

ಬೆಳಗಾವಿ_ಹುಡುಗ

ಬನ್ನಿ. ಕೊಲ್ಲಾಪುರ ಊರೊಳಗೇ ಸ್ಮಾರಕ ಇದೆ. ಬೆಳಗಾವಿ ಮೇಲೆ ಬರೋದಾದ್ರೆ ಮೊದಲೇ ತಿಳಿಸಿ, ನಾನೂ ಜೊತೆಗೆ ಬರ್ತೀನಿ.